ಕಾಂಗರೂ ಅತ್ತಿತೇ, ಹದ್ದು ಬೆಂಕಿ ಹಚ್ಚಿತೇ? ಆಸ್ಟ್ರೇಲಿಯಾದ ಔಟ್‌ಬ್ಯಾಕ್ ಚಿತ್ರಗಳ ಹಿಂದಿನ ನಿಜ

ಲೋಹದ ಬಕೆಟ್ಟೊಂದನ್ನು ಎರಡೂ ಕೈಗಳಲ್ಲಿ ಹಿಚುಕಿ ಹಿಡಿದ ಕಾಂಗರೂವಿನ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. ಗರಡಿಮನೆಯ ಪೈಲ್ವಾನನಂಥ ತೋಳು, ಉಬ್ಬಿದ ಎದೆ. ಕೆಳಗೆ ಒಕ್ಕಣೆ: "ಆಸ್ಟ್ರೇಲಿಯಾದ ಮರುಭೂಮಿಯ ಕಾಡು ಕಾಂಗರೂ. ಎದುರಿಗೆ ಸಿಕ್ಕರೆ ಮನುಷ್ಯನನ್ನೂ ಹೀಗೇ ಹಿಚುಕುತ್ತದೆ." ನಮ್ಮ ತಂಡದಲ್ಲೇ ಇಬ್ಬರು ಈ ಚಿತ್ರವನ್ನು ಒಂದು ಕಾಲದಲ್ಲಿ ಮನೆಯವರ ಗುಂಪಿಗೆ ಕಳುಹಿಸಿದ್ದೆವು. ಚಿತ್ರ ನಿಜವಾದದ್ದು. ಒಕ್ಕಣೆ ನಿಜವಲ್ಲ.

ಆಸ್ಟ್ರೇಲಿಯಾದ ಒಳನಾಡಿನ ಪ್ರಾಣಿ-ಪಕ್ಷಿಗಳ ಚಿತ್ರಗಳಲ್ಲಿ ಇಂಥದ್ದು ಬಹಳ. ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಿರುವುದಿಲ್ಲ. ಆದರೆ ಆ ಕ್ಷಣಕ್ಕೆ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬುದು ಅದರಲ್ಲಿ ಕಾಣುವುದಿಲ್ಲ. ಆ ಜಾಗವನ್ನು ಒಕ್ಕಣೆ ಬರೆಯುವವರು ತುಂಬುತ್ತಾರೆ. ಇನ್ನೊಂದು ಸಂಗತಿಯೂ ಚಿತ್ರದ ಹೊರಗೇ ಉಳಿಯುತ್ತದೆ: ಆ ಚಿತ್ರ ಸಿಗಲು ಪ್ರಾಣಿ ಏನು ಕಳೆದುಕೊಂಡಿತು ಎಂಬುದು. ನೀರು ಅಪರೂಪವಾದ, ಬಿಸಿಲು ಕೊಲ್ಲುವಂಥ ನಾಡಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಈ ಲೇಖನದಲ್ಲಿ ನಾವು ಎರಡು ಕೆಲಸ ಮಾಡುತ್ತೇವೆ. ಮೊದಲು, ಔಟ್‌ಬ್ಯಾಕ್ ಚಿತ್ರಗಳ ಜೊತೆ ಸುತ್ತುವ ಕೆಲವು ಹೇಳಿಕೆಗಳನ್ನು ಒಂದೊಂದಾಗಿ ನೋಡುತ್ತೇವೆ. ಆಮೇಲೆ, ಅಲ್ಲಿಗೆ ಹೋಗಿ ಚಿತ್ರ ತೆಗೆಯುವವರು ಏನನ್ನು ಗಮನಿಸಬೇಕು ಎಂದು ಹೇಳುತ್ತೇವೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಓದುವ, ಕೆಲಸ ಮಾಡುವ ಕನ್ನಡಿಗರು ಈಗ ಸಾಕಷ್ಟಿದ್ದಾರೆ. ರಜೆಯಲ್ಲಿ ಉಲುರು ಬಂಡೆ ನೋಡಲು ಹೋಗುವವರೂ ಇದ್ದಾರೆ. ನಿಮ್ಮ ಮನೆಯವರೋ ಸ್ನೇಹಿತರೋ ಅಲ್ಲಿದ್ದರೆ ಎರಡನೆಯ ಭಾಗವನ್ನು ಅವರಿಗೆ ಕಳುಹಿಸಿ.

ಔಟ್‌ಬ್ಯಾಕ್ ಎಂದರೆ ಯಾವ ಜಾಗ?

ಔಟ್‌ಬ್ಯಾಕ್ ಒಂದು ರಾಜ್ಯವಲ್ಲ, ಜಿಲ್ಲೆಯೂ ಅಲ್ಲ. ಕರಾವಳಿಯ ನಗರಗಳಿಂದ ದೂರವಿರುವ, ಜನ ತೀರಾ ವಿರಳವಾದ ಒಳನಾಡಿಗೆ ಆಸ್ಟ್ರೇಲಿಯನ್ನರು ಹೇಳುವ ಹೆಸರು. ಅದಕ್ಕೆ ಗೆರೆ ಎಳೆದಂಥ ಗಡಿ ಇಲ್ಲ. ಸುಮಾರು 77 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಆಸ್ಟ್ರೇಲಿಯಾದಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಒಣ ಅಥವಾ ಅರೆ ಒಣ ಪ್ರದೇಶ. ಕೆಂಪು ಮಣ್ಣು, ಮುಳ್ಳು ಹುಲ್ಲು, ಕುರುಚಲು ಗಿಡ, ವರ್ಷದ ಬಹುಪಾಲು ಬತ್ತಿರುವ ಹೊಳೆ.

ದೂರದ ಅಂದಾಜಿಗೆ ಒಂದು ಉದಾಹರಣೆ. ಒಳನಾಡಿನ ಮುಖ್ಯ ಊರಾದ ಆಲಿಸ್ ಸ್ಪ್ರಿಂಗ್ಸ್‌ನಿಂದ ಉಲುರುವಿಗೆ ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್. ಇದು ಬೆಂಗಳೂರಿನಿಂದ ಹುಬ್ಬಳ್ಳಿಗಿಂತ ಹೆಚ್ಚು. ನಕ್ಷೆಯಲ್ಲಿ ನೋಡಿದವರಿಗೆ ಎರಡೂ ಪಕ್ಕಪಕ್ಕದಲ್ಲೇ ಇರುವಂತೆ ಕಾಣುತ್ತದೆ.

ಹೇಳಿಕೆ 1: "ಬಕೆಟ್ ಹಿಚುಕಿದ್ದು ಕಾಡು ಕಾಂಗರೂ"

ತಪ್ಪು. ಆ ಕಾಂಗರೂವಿನ ಹೆಸರು ರೋಜರ್. ಅದು ಆಲಿಸ್ ಸ್ಪ್ರಿಂಗ್ಸ್‌ನ ಕಾಂಗರೂ ಆಶ್ರಯಧಾಮವೊಂದರಲ್ಲಿತ್ತು. ಅದು ಮರಿಯಾಗಿದ್ದಾಗ ತಾಯಿ ಸತ್ತುಹೋಗಿತ್ತು. ಆಕೆಯ ಹೊಟ್ಟೆಯ ಚೀಲದಲ್ಲಿ ಜೀವಂತವಾಗಿದ್ದ ಮರಿಯನ್ನು ಆಶ್ರಯಧಾಮದ ಸ್ಥಾಪಕರು ತಂದು ಬಾಟಲಿ ಹಾಲು ಕೊಟ್ಟು ಸಾಕಿದರು. ಬೆಳೆದಾಗ ಸುಮಾರು ಎರಡು ಮೀಟರ್ ಎತ್ತರ, 89 ಕಿಲೋ ತೂಕ. ಹಿಚುಕಿದ ಬಕೆಟ್ ಅದಕ್ಕೆ ಮೇವು ಹಾಕುವ ಬಕೆಟ್ಟೇ. 2015ರಲ್ಲಿ ಆ ಚಿತ್ರ ಜಗತ್ತಿನೆಲ್ಲೆಡೆ ಹರಡಿತು. 2018ರ ಡಿಸೆಂಬರಿನಲ್ಲಿ, 12 ವರ್ಷ ವಯಸ್ಸಿನಲ್ಲಿ, ರೋಜರ್ ಸತ್ತಿತು.

ಆ ತೋಳುಗಳು ಮಾತ್ರ ನಿಜ. ಕೆಂಪು ಕಾಂಗರೂಗಳ ಗಂಡುಗಳು ಹೆಣ್ಣಿಗಾಗಿ ಒಂದರ ಕುತ್ತಿಗೆ ಒಂದು ಹಿಡಿದು ಕಾದಾಡುತ್ತವೆ. ಹಾಗಾಗಿ ಗಂಡಿನ ಮುಂಗಾಲುಗಳು ಹೆಣ್ಣಿನದಕ್ಕಿಂತ ಬಹಳ ದಪ್ಪವಾಗಿ ಬೆಳೆಯುತ್ತವೆ. ಮನುಷ್ಯರ ಕೈಯಲ್ಲಿ ಬೆಳೆದ ಗಂಡು ಕಾಂಗರೂ ಮನುಷ್ಯರನ್ನೂ ಎದುರಾಳಿ ಎಂದೇ ಭಾವಿಸುವುದುಂಟು. ಕಾಡಿನ ಕಾಂಗರೂ ಸಾಮಾನ್ಯವಾಗಿ ಮನುಷ್ಯರನ್ನು ಕಂಡರೆ ಓಡಿಹೋಗುತ್ತದೆ. ಮೂಲೆಗೆ ಸಿಕ್ಕಿಹಾಕಿಕೊಂಡಾಗ, ಅಥವಾ ತಿನ್ನಲು ಕೊಟ್ಟು ರೂಢಿ ಮಾಡಿಸಿದಾಗ ಮಾತ್ರ ಅಪಾಯ.

ಹೇಳಿಕೆ 2: "ಸಾಯುತ್ತಿರುವ ಹೆಂಡತಿಯ ತಲೆ ಎತ್ತಿ ಹಿಡಿದ ಕಾಂಗರೂ"

2016ರ ಜನವರಿಯಲ್ಲಿ ಈ ಚಿತ್ರ ಬಂತು. ಗಂಡು ಕಾಂಗರೂ ನೆಲದಲ್ಲಿ ಬಿದ್ದಿರುವ ಹೆಣ್ಣಿನ ತಲೆಯನ್ನು ಕೈಯಲ್ಲಿ ಎತ್ತಿ ಹಿಡಿದಿದೆ, ಪಕ್ಕದಲ್ಲಿ ಮರಿ ನಿಂತಿದೆ. ಸಾಯುವ ತಾಯಿ ಕೊನೆಯ ಬಾರಿ ಮಗುವಿನ ಮುಖ ನೋಡುತ್ತಿದ್ದಾಳೆ ಎಂಬ ಒಕ್ಕಣೆಯೊಂದಿಗೆ ಕೋಟ್ಯಂತರ ಜನ ಕಣ್ಣೀರಿಟ್ಟರು. ಚಿತ್ರ ತೆಗೆದದ್ದು ಕ್ವೀನ್ಸ್‌ಲ್ಯಾಂಡಿನ ರಿವರ್ ಹೆಡ್ಸ್ ಎಂಬಲ್ಲಿ. ಅದು ಕರಾವಳಿಯ ಊರು, ಔಟ್‌ಬ್ಯಾಕ್ ಅಲ್ಲವೇ ಅಲ್ಲ.

ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನ ವಿಜ್ಞಾನಿ ಮಾರ್ಕ್ ಎಲ್ಡ್ರಿಡ್ಜ್ ಆ ಚಿತ್ರವನ್ನು ನೋಡಿ ಬೇರೆಯೇ ಅರ್ಥ ಹೇಳಿದರು. ಗಂಡು ದುಃಖಿಸುತ್ತಿಲ್ಲ, ಕೂಡಲು ಹೆಣ್ಣನ್ನು ಎಬ್ಬಿಸಲು ನೋಡುತ್ತಿದೆ. ಹೆಣ್ಣಿನ ಸಾವಿಗೆ ಅದೇ ಕಾರಣವಾಗಿರುವ ಸಾಧ್ಯತೆಯೂ ಇದೆ. ಗಂಡಿನ ಮೈಯಲ್ಲಿ ಕಾಣುವ ಉದ್ರೇಕದ ಗುರುತುಗಳನ್ನು ತಜ್ಞರು ಆಧಾರವಾಗಿ ತೋರಿಸಿದರು.

ಚಿತ್ರ ತೆಗೆದವರು ಮೋಸ ಮಾಡಲಿಲ್ಲ. ಅವರು ಕಂಡದ್ದನ್ನು ತೆಗೆದರು. ತಪ್ಪಾದದ್ದು ಓದುವಿಕೆಯಲ್ಲಿ. ಪ್ರಾಣಿಯ ಭಂಗಿಗೆ ನಮ್ಮ ಮನೆಯ ಭಾವನೆ ಹೊಂದಿಸಿದರೆ ಒಮ್ಮೊಮ್ಮೆ ಅರ್ಥವೇ ತಲೆಕೆಳಗಾಗುತ್ತದೆ.

ಹೇಳಿಕೆ 3: "ಮರಿಗಳನ್ನು ಕಾಯುವ ತಾಯಿ ಎಮು"

ದೊಡ್ಡ ಎಮು, ಅದರ ಹಿಂದೆ ಪಟ್ಟೆಪಟ್ಟೆಯ ಏಳೆಂಟು ಮರಿಗಳು. "ಅಮ್ಮನಿಗಿಂತ ದೇವರಿಲ್ಲ" ಎಂಬ ಸಾಲು. ಚಿತ್ರ ಚೆನ್ನಾಗಿರುತ್ತದೆ, ಆದರೆ ಅದು ಅಪ್ಪ.

ಎಮುಗಳಲ್ಲಿ ಮೊಟ್ಟೆ ಇಟ್ಟ ಮೇಲೆ ಕಾವು ಕೂರುವುದು ಗಂಡು. ಸುಮಾರು ಎಂಟು ವಾರ ಅದು ಗೂಡು ಬಿಟ್ಟು ಏಳುವುದೇ ಅಪರೂಪ. ಆ ಅವಧಿಯಲ್ಲಿ ತಿನ್ನುವುದು, ಕುಡಿಯುವುದು ಬಹುತೇಕ ಇಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಆಧಾರ, ತೂಕ ಮೂರನೇ ಒಂದು ಭಾಗದವರೆಗೂ ಇಳಿಯಬಹುದು. ಮರಿಗಳು ಹೊರಬಂದ ಮೇಲೂ ತಿಂಗಳುಗಟ್ಟಲೆ ಅವುಗಳ ಜೊತೆ ತಿರುಗುವುದು ಅಪ್ಪನೇ. ಹೆಣ್ಣು ಅಷ್ಟರಲ್ಲಿ ಬೇರೆ ಗಂಡಿನ ಜೊತೆ ಹೋಗಿರಬಹುದು. ನಮ್ಮಲ್ಲಿ ಎಮು ಸಾಕಣೆಯ ಹುಚ್ಚು ಹಬ್ಬಿದ್ದ ಕಾಲದಲ್ಲಿ ಈ ಹಕ್ಕಿಯನ್ನು ಹತ್ತಿರದಿಂದ ಕಂಡವರಿಗೂ ಇದು ಹೊಸ ವಿಷಯವಾಗಬಹುದು.

ಹೇಳಿಕೆ 4: "ಮರುಭೂಮಿಯಲ್ಲಿ ಬಣ್ಣಬಣ್ಣದ ಲವ್ ಬರ್ಡ್ಸ್ ಹಿಂಡು"

ನಮ್ಮ ಪೇಟೆಗಳಲ್ಲಿ ಪಂಜರದಲ್ಲಿಟ್ಟು "ಲವ್ ಬರ್ಡ್ಸ್" ಎಂದು ಮಾರುವ ಪುಟ್ಟ ಗಿಳಿಗಳ ನಿಜವಾದ ಹೆಸರು ಬಜ್ರಿಗಾರ್, ಚಿಕ್ಕದಾಗಿ ಬಜ್ಜಿ. ಅವುಗಳ ತವರು ಇದೇ ಔಟ್‌ಬ್ಯಾಕ್. ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಅವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಮೇಲೆ ಅವು ಜಗತ್ತಿನ ಪಂಜರಗಳನ್ನು ತುಂಬಿದವು. ನಿಜವಾದ ಲವ್ ಬರ್ಡ್ ಎಂಬುದು ಆಫ್ರಿಕಾ ಕಡೆಯ ಬೇರೆ ಗಿಳಿ.

ಮಳೆ ಬಿದ್ದ ವರ್ಷಗಳಲ್ಲಿ ಸಾವಿರಾರು ಬಜ್ಜಿಗಳು ಒಟ್ಟಾಗಿ ನೀರಿಗೆ ಇಳಿಯುವ ದೃಶ್ಯ ನಿಜಕ್ಕೂ ಉಂಟು. ಆದರೆ ಕಾಡಿನ ಬಜ್ಜಿಯ ಬಣ್ಣ ಹಸಿರು, ತಲೆ ಹಳದಿ, ರೆಕ್ಕೆಯ ಮೇಲೆ ಕಪ್ಪು ಗೆರೆ. ನೀಲಿ, ಬಿಳಿ, ಅಚ್ಚ ಹಳದಿ ಬಣ್ಣಗಳು ಪಂಜರದಲ್ಲಿ ಆಯ್ದು ಬೆಳೆಸಿದ ತಳಿಗಳು. ಮರುಭೂಮಿಯ ಆಕಾಶದಲ್ಲಿ ನೀಲಿ, ಬಿಳಿ, ಹಳದಿ ಎಲ್ಲ ಬೆರೆತ ಹಿಂಡು ಕಂಡರೆ ಆ ಚಿತ್ರವನ್ನು ನಂಬಬೇಡಿ.

ಹೇಳಿಕೆ 5: "ಹದ್ದುಗಳು ಕೊಳ್ಳಿ ಹಿಡಿದು ಕಾಡಿಗೆ ಬೆಂಕಿ ಹಚ್ಚುತ್ತವೆ"

ಇದನ್ನು ಓದಿದ ಕೂಡಲೇ ಸುಳ್ಳು ಎನ್ನಿಸುತ್ತದೆ. ಹಾಗೆ ತಳ್ಳಿಹಾಕುವಂತಿಲ್ಲ. ಕಾಳ್ಗಿಚ್ಚು ಹಬ್ಬಿದಾಗ ಓಡಿಬರುವ ಇಲಿ, ಹಲ್ಲಿ, ಮಿಡತೆಗಳನ್ನು ಹಿಡಿಯಲು ಹದ್ದುಗಳು ಬೆಂಕಿಯ ಅಂಚಿನಲ್ಲಿ ಸೇರುತ್ತವೆ. ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳು, ಕೆಲವು ಹಕ್ಕಿಗಳು ಉರಿಯುವ ಕಡ್ಡಿಯನ್ನು ಎತ್ತಿಕೊಂಡು ಹೋಗಿ ಬೇರೆ ಕಡೆ ಹಾಕುತ್ತವೆ ಎಂದು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. 2017ರಲ್ಲಿ ಜರ್ನಲ್ ಆಫ್ ಎತ್ನೋಬಯಾಲಜಿ ಎಂಬ ಪತ್ರಿಕೆಯಲ್ಲಿ ಸಂಶೋಧಕರು ಈ ಹೇಳಿಕೆಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಅದರಲ್ಲಿ ಹೆಸರಿಸಿದ ಮೂರು ಹಕ್ಕಿಗಳಲ್ಲಿ ಒಂದು ನಮ್ಮೂರಿನ ಕಸದ ರಾಶಿಗಳ ಮೇಲೆ ಸುತ್ತುವ ಹದ್ದಿನ ಜಾತಿಯೇ.

ಆದರೆ ಆ ಲೇಖನದ ಮುಖ್ಯ ಆಧಾರ ಕಣ್ಣಾರೆ ಕಂಡವರ ಮಾತು, ಚಿತ್ರಗಳಲ್ಲ. ಹೊಗೆ, ಬಿಸಿ, ದೂರ ಎಲ್ಲ ಸೇರಿ ಅಂಥ ಕ್ಷಣದ ಸ್ಪಷ್ಟ ಚಿತ್ರ ತೆಗೆಯುವುದು ತುಂಬಾ ಕಷ್ಟ. ಆದ್ದರಿಂದ ಕೊಕ್ಕಿನಲ್ಲಿ ಧಗಧಗ ಉರಿಯುವ ಕೊಳ್ಳಿ ಹಿಡಿದು ಕ್ಯಾಮೆರಾ ಕಡೆಗೇ ಹಾರಿಬರುವ ಹದ್ದಿನ ಚಿತ್ರ ಬಂದರೆ, ವಿಷಯಕ್ಕೆ ಆಧಾರವಿದ್ದರೂ ಚಿತ್ರವನ್ನು ಅನುಮಾನಿಸಿ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಹೇಳಿಕೆ 6: "ಚಿತ್ರ ತೆಗೆದರೆ ಪ್ರಾಣಿಗೇನು ನಷ್ಟ? ಬಂದೂಕು ಹಿಡಿದಿಲ್ಲವಲ್ಲ"

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು. ದೂರದಿಂದ, ಅದರ ಪಾಡಿಗೆ ಬಿಟ್ಟು ತೆಗೆದರೆ ನಷ್ಟವಿಲ್ಲ. ಹತ್ತಿರ ಹೋದಾಗ ಏನಾಗುತ್ತದೆ ಎಂಬುದಕ್ಕೆ ನಾಲ್ಕು ಉದಾಹರಣೆ ಕೊಡುತ್ತೇವೆ.

ನೀರು. ಹಕ್ಕಿಗಳಿಗೆ ಬೆವರುವ ಗ್ರಂಥಿಗಳಿಲ್ಲ. ಬಾಯಿ ತೆರೆದು ತೇಕುತ್ತಾ, ಮೈಯ ನೀರನ್ನು ಆವಿಯಾಗಿ ಬಿಟ್ಟು ತಂಪಾಗುತ್ತವೆ. ಗಾಳಿಯ ಬಿಸಿ ಹಕ್ಕಿಯ ಮೈಬಿಸಿಗಿಂತ ಹೆಚ್ಚಾದಾಗ ಇದೊಂದೇ ದಾರಿ. ಪುಟ್ಟ ಹಕ್ಕಿಯ ಮೈಯಲ್ಲಿ ಇರುವ ನೀರೇ ಸ್ವಲ್ಪ. ಅಂಥ ದಿನ ಕೆಲವು ಗಂಟೆ ಕುಡಿಯದಿದ್ದರೆ ಪ್ರಾಣಕ್ಕೇ ಬರುತ್ತದೆ. 2009ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಉಷ್ಣತೆ ಹಲವು ದಿನ ಸತತವಾಗಿ 45 ಡಿಗ್ರಿ ದಾಟಿದಾಗ ಸಾವಿರಾರು ಬಜ್ಜಿಗಳೂ ಜೀಬ್ರಾ ಫಿಂಚ್‌ಗಳೂ ಸತ್ತವು. ಮರುವರ್ಷ ಅದೇ ರಾಜ್ಯದ ದಕ್ಷಿಣ ಕರಾವಳಿಯಲ್ಲಿ ಬಿಸಿಗಾಳಿಗೆ ಸಿಕ್ಕಿ 200ಕ್ಕೂ ಹೆಚ್ಚು ಕಾರ್ನಬಿ ಕಾಕಟೂಗಳು ಸತ್ತವು.

ಈ ಸಾವುಗಳಿಗೆ ಛಾಯಾಗ್ರಾಹಕರು ಕಾರಣರಲ್ಲ, ಬಿಸಿಲು ಕಾರಣ. ಆದರೆ ಅಂಥ ದಿನ, ಸುತ್ತಲಿನ ಹತ್ತಾರು ಕಿಲೋಮೀಟರಿಗೆ ಇರುವ ಒಂದೇ ಹೊಂಡದ ದಡದಲ್ಲಿ ನೀವು ಕ್ಯಾಮೆರಾ ಇಟ್ಟು ಕುಳಿತರೆ, ಹಕ್ಕಿಗಳು ಇಳಿಯಲು ಹೆದರಿ ಮೇಲೆ ಸುತ್ತುತ್ತವೆ. ಸುತ್ತಿದಷ್ಟೂ ಮೈಯ ನೀರು ಖರ್ಚಾಗುತ್ತದೆ. ನಿಮ್ಮ ಚಿತ್ರದಲ್ಲಿ ಅದು "ಆಕಾಶದಲ್ಲಿ ಹಕ್ಕಿಗಳ ನರ್ತನ" ಎಂದು ಕಾಣುತ್ತದೆ.

ಓಟ. ಕಾರಿನಲ್ಲಿ ಕಾಂಗರೂಗಳ ಪಕ್ಕ ಓಡಿಸುತ್ತಾ ತೆಗೆದ ವಿಡಿಯೋಗಳಿಗೆ ಲೈಕ್ ಜಾಸ್ತಿ. ಕಾಂಗರೂ ಜಾತಿಯ ಪ್ರಾಣಿಗಳಿಗೆ ಅತಿಯಾದ ಹೆದರಿಕೆ ಮತ್ತು ಓಟದಿಂದ ಬರುವ ಒಂದು ಕಾಯಿಲೆ ಇದೆ. ಸ್ನಾಯುಗಳು ಒಳಗೇ ಹಾಳಾಗಿ, ಆ ಕಲ್ಮಶ ರಕ್ತಕ್ಕೆ ಸೇರಿ, ಮೂತ್ರಪಿಂಡಕ್ಕೂ ಹೃದಯಕ್ಕೂ ಪೆಟ್ಟು ಬೀಳುತ್ತದೆ. ಪ್ರಾಣಿ ಆಗಲೇ ಬೀಳದೆ ಕೆಲವು ದಿನಗಳ ನಂತರ ಸಾಯಬಹುದು. ಅಷ್ಟರಲ್ಲಿ ವಿಡಿಯೋ ತೆಗೆದವರು ಊರು ಸೇರಿರುತ್ತಾರೆ, ತಾವು ಏನು ಮಾಡಿದೆವು ಎಂಬುದು ಅವರಿಗೆ ಗೊತ್ತೇ ಆಗುವುದಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಫಾರ್ವರ್ಡ್ ನೆನಪಿಸಿಕೊಳ್ಳಿ: "ಕಾಂಗರೂ ತಾಯಿ ತಾನು ಬದುಕಲು ಮರಿಯನ್ನು ಶತ್ರುವಿನ ಕಡೆ ಎಸೆಯುತ್ತದೆ." ಎಸೆಯುವುದಿಲ್ಲ. ಬೆನ್ನಟ್ಟಿದಾಗ ಚೀಲದ ಬಾಯಿ ಹಿಡಿದಿರುವ ಸ್ನಾಯು ಸಡಿಲವಾಗಿ ಮರಿ ಹೊರಗೆ ಬೀಳಬಹುದು. ಬೆನ್ನಟ್ಟುವುದು ನಿಮ್ಮ ಕಾರೇ ಆಗಿದ್ದರೆ, ಆ ಮರಿ ಅನಾಥವಾಗುವುದು ನಿಮ್ಮಿಂದ.

ಗೂಡು. ದಕ್ಷಿಣ ಆಸ್ಟ್ರೇಲಿಯಾದ ಕಾಟಿ ತಂಡಾ-ಲೇಕ್ ಐರ್ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರುವ ಉಪ್ಪಿನ ಬಯಲು. ಅಪರೂಪಕ್ಕೊಮ್ಮೆ ದೂರದ ಮಳೆಯ ನೀರು ಹರಿದುಬಂದು ಅದು ಕೆರೆಯಾಗುತ್ತದೆ. ಆಗ ಪೆಲಿಕನ್‌ಗಳು ದೂರದೂರದಿಂದ ಬಂದು ಸಾವಿರಗಟ್ಟಲೆ ಗೂಡು ಮಾಡುತ್ತವೆ. ಅಂಥ ಗೂಡುಗಳ ನಡುವೆ ಮನುಷ್ಯರು ಕಾಲಿಟ್ಟರೆ ದೊಡ್ಡ ಹಕ್ಕಿಗಳು ಏಳುತ್ತವೆ. ಮೊಟ್ಟೆ, ಮರಿ ನೇರ ಬಿಸಿಲಿಗೆ ಬೀಳುತ್ತವೆ, ಕಾಯುತ್ತಿರುವ ಗಲ್ ಹಕ್ಕಿಗಳು ಎತ್ತಿಕೊಂಡು ಹೋಗುತ್ತವೆ. ಪೆಲಿಕನ್‌ಗಳು ಗೂಡನ್ನೇ ಬಿಟ್ಟು ಹೋಗುವುದೂ ಉಂಟು.

ಭಂಗಿ. ಉತ್ತರ ಭಾಗದ ಫ್ರಿಲ್ಡ್ ಲಿಜರ್ಡ್ ಕುತ್ತಿಗೆಯ ಸುತ್ತ ಕೊಡೆಯಂಥ ಚರ್ಮ ಬಿಚ್ಚಿ, ಬಾಯಿ ತೆರೆದು ನಿಂತಿರುವ ಚಿತ್ರ ಎಲ್ಲರಿಗೂ ಇಷ್ಟ. ಅದು ಹೀಗೆ ಕೊಡೆ ಬಿಚ್ಚುವುದು ಹೆದರಿದಾಗ ಅಥವಾ ಗಂಡುಗಳ ಕಾದಾಟದಲ್ಲಿ. ಕ್ಯಾಮೆರಾ ಕಡೆಗೇ ಮುಖ ಮಾಡಿ ಕೊಡೆ ಬಿಚ್ಚಿದ್ದರೆ, ಹೆದರಿಸಿದ್ದು ಕ್ಯಾಮೆರಾ ಹಿಡಿದವರೇ ಇರಬಹುದು. ಹಾಗೆಯೇ ಕಾಂಗರೂ ಮುಂಗೈ ನೆಕ್ಕುತ್ತಿದ್ದರೆ ಅದು ಗಾಯ ನೆಕ್ಕುತ್ತಿದೆ ಎಂದಲ್ಲ. ಚರ್ಮದ ಕೆಳಗೆ ರಕ್ತನಾಳಗಳು ದಟ್ಟವಾಗಿರುವ ಜಾಗವನ್ನು ಒದ್ದೆ ಮಾಡಿ ಮೈ ತಂಪು ಮಾಡಿಕೊಳ್ಳುತ್ತಿದೆ. ಅದನ್ನು ಆಗ ಓಡಿಸಬಾರದು.

ಹೇಳಿಕೆ 7: "ಫ್ಲಾಷ್ ಹೊಡೆದರೆ ಪ್ರಾಣಿ ಕುರುಡಾಗುತ್ತದೆ"

ಕ್ಯಾಮೆರಾ ಫ್ಲಾಷ್‌ನ ಒಂದು ಮಿಂಚಿನಿಂದ ಕಾಡುಪ್ರಾಣಿ ಶಾಶ್ವತವಾಗಿ ಕುರುಡಾಗುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಹಾಗೆಂದು ಅದು ನಿರಪಾಯವೂ ಅಲ್ಲ. ಬಿಲ್ಬಿಯಂಥ ರಾತ್ರಿ ಪ್ರಾಣಿಗಳ ಕಣ್ಣು ಮಂದ ಬೆಳಕಿಗೆ ಒಗ್ಗಿರುತ್ತದೆ. ಕತ್ತಲೆ ಕೋಣೆಯಲ್ಲಿ ಯಾರೋ ಟಾರ್ಚನ್ನು ಮುಖಕ್ಕೆ ಹಿಡಿದರೆ ನಮಗೆ ಆಗುವಂತೆಯೇ ಅವಕ್ಕೂ ಕೆಲಹೊತ್ತು ಸರಿಯಾಗಿ ಕಾಣದೆ ಹೋಗಬಹುದು. ನರಿ, ಕಾಡುಬೆಕ್ಕು ಹೊಂಚುತ್ತಿರುವ ಜಾಗದಲ್ಲಿ ಆ ಕೆಲಹೊತ್ತು ಸಾಕು. ರಾತ್ರಿ ಹಕ್ಕಿ-ಪ್ರಾಣಿಗಳಿಗೆ ಫ್ಲಾಷ್ ಬಳಸದಿರುವುದೇ ಒಳ್ಳೆಯದು.

ಚಿತ್ರಕ್ಕಿಂತ ಗುಟ್ಟು ಮುಖ್ಯವಾದಾಗ: ನೈಟ್ ಪ್ಯಾರಟ್ ಕಥೆ

ನೈಟ್ ಪ್ಯಾರಟ್ ಒಳನಾಡಿನ ಮುಳ್ಳುಹುಲ್ಲಿನ ಪೊದೆಗಳಲ್ಲಿ ಹಗಲು ಅಡಗಿ, ರಾತ್ರಿ ಓಡಾಡುವ ಹಸಿರು ಗಿಳಿ. ಇಪ್ಪತ್ತನೆಯ ಶತಮಾನದ ಬಹುಪಾಲು ಅದು ಅಳಿದೇಹೋಯಿತು ಎಂದೇ ಅನೇಕರು ನಂಬಿದ್ದರು. 1990ರಲ್ಲಿ ಕ್ವೀನ್ಸ್‌ಲ್ಯಾಂಡಿನ ರಸ್ತೆ ಬದಿಯಲ್ಲಿ ಒಂದು, 2006ರಲ್ಲಿ ಅದೇ ರಾಜ್ಯದಲ್ಲಿ ಇನ್ನೊಂದು, ಹೀಗೆ ಸತ್ತ ಹಕ್ಕಿಗಳು ಸಿಕ್ಕವು. 2013ರಲ್ಲಿ ಪಶ್ಚಿಮ ಕ್ವೀನ್ಸ್‌ಲ್ಯಾಂಡಿನಲ್ಲಿ ಮೊದಲ ಬಾರಿಗೆ ಜೀವಂತ ಹಕ್ಕಿಯ ಚಿತ್ರ, ವಿಡಿಯೋ ಸಿಕ್ಕಿತು. ಆ ಜಾಗವನ್ನು ಬುಷ್ ಹೆರಿಟೇಜ್ ಆಸ್ಟ್ರೇಲಿಯಾ ಎಂಬ ಸಂಸ್ಥೆ ಕೊಂಡು ಪುಲ್ಲನ್ ಪುಲ್ಲನ್ ಎಂಬ ರಕ್ಷಿತ ಪ್ರದೇಶ ಮಾಡಿತು. ಹಕ್ಕಿ ನಿಖರವಾಗಿ ಎಲ್ಲಿದೆ ಎಂಬುದನ್ನು ಗುಟ್ಟಾಗಿ ಇಟ್ಟರು. ಚಿತ್ರದ ಆಸೆಗೆ ಜನ ನುಗ್ಗಿದರೆ ಉಳಿದಿರುವ ಬೆರಳೆಣಿಕೆಯ ಹಕ್ಕಿಗಳೂ ಓಡಿಹೋಗಬಹುದು ಎಂಬ ಭಯ ಅವರದು.

ಈ ಕಥೆಗೆ ಇನ್ನೊಂದು ಮುಖವೂ ಇದೆ. 2019ರಲ್ಲಿ ಆಸ್ಟ್ರೇಲಿಯನ್ ವೈಲ್ಡ್‌ಲೈಫ್ ಕನ್ಸರ್ವೆನ್ಸಿ ಎಂಬ ಮತ್ತೊಂದು ಸಂಸ್ಥೆ, ಇದೇ ಹಕ್ಕಿಯ ಬಗ್ಗೆ ತಾನು ಹಿಂದೆ ಪ್ರಕಟಿಸಿದ್ದ ಕೆಲವು ದಾಖಲೆಗಳನ್ನು ಹಿಂಪಡೆಯಿತು. ಗೂಡಿನ ಚಿತ್ರವೊಂದರಲ್ಲಿದ್ದ ಮೊಟ್ಟೆಗಳು ನಿಜವಾದವಲ್ಲದಿರಬಹುದು ಎಂದು ಸ್ವತಂತ್ರ ತಜ್ಞರ ಸಮಿತಿ ಹೇಳಿತ್ತು. ತಾನೇ ಹೊರಡಿಸಿದ ಸಂತಸದ ಸುದ್ದಿಯನ್ನು ತಾನೇ ಪರೀಕ್ಷೆಗೆ ಒಡ್ಡಿ, ತಪ್ಪಿರಬಹುದು ಎಂದು ಬಹಿರಂಗವಾಗಿ ಹೇಳುವುದು ಸುಲಭವಲ್ಲ. ವಿಜ್ಞಾನದಲ್ಲಿ ಚಿತ್ರವೂ ಸಾಕ್ಷಿ ಮಾತ್ರ, ತೀರ್ಪಲ್ಲ.

ಮೊಬೈಲ್ ಬಳಸುವವರಿಗೆ ಇದರಲ್ಲಿ ಒಂದು ಪಾಠವಿದೆ. ಲೊಕೇಶನ್ ಆನ್ ಇದ್ದರೆ ನಿಮ್ಮ ಫೋನ್ ಚಿತ್ರದ ಒಳಗೇ ಜಾಗದ ವಿವರವನ್ನು ಬರೆದಿಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳುಹಿಸಿದರೆ ಆ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ಕಡತದ ಜೊತೆ ಜಾಗದ ವಿವರವೂ ಹೋಗುತ್ತದೆ. ಅಪರೂಪದ ಹಕ್ಕಿಯ ಗೂಡು ಕಂಡರೆ, ಅದು ಔಟ್‌ಬ್ಯಾಕ್ ಇರಲಿ, ನಮ್ಮ ಪಶ್ಚಿಮ ಘಟ್ಟ ಇರಲಿ, ಲೊಕೇಶನ್ ಆಫ್ ಮಾಡಿ. ಒಕ್ಕಣೆಯಲ್ಲೂ ಜಾಗದ ಹೆಸರು ಬೇಡ.

ಅಲ್ಲಿಗೆ ಹೋಗಿ ಚಿತ್ರ ತೆಗೆಯುವವರಿಗೆ

• ಕಾರನ್ನೇ ಮರೆಯಾಗಿ ಬಳಸಿ. ಹಲವು ಹಕ್ಕಿ-ಪ್ರಾಣಿಗಳು ನಿಂತ ಕಾರಿಗೆ ಹೆದರುವುದು ಕಡಿಮೆ, ನಡೆದುಬರುವ ಮನುಷ್ಯರಿಗೆ ಹೆದರುವುದು ಹೆಚ್ಚು. ಇಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ, ಅಕ್ಕಿ ತುಂಬಿದ ಪುಟ್ಟ ಬಟ್ಟೆ ಚೀಲದ ಮೇಲೆ ಕ್ಯಾಮೆರಾ ಇಟ್ಟರೆ ಕೈ ನಡುಗಿದರೂ ಚಿತ್ರ ಅಲುಗಾಡುವುದಿಲ್ಲ.

• ಪ್ರಾಣಿ ತಾನು ಮಾಡುತ್ತಿದ್ದ ಕೆಲಸ ನಿಲ್ಲಿಸಿ ನಿಮ್ಮನ್ನೇ ನೋಡತೊಡಗಿದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ. ಮೀಟರ್ ಲೆಕ್ಕ ಬೇಕಿಲ್ಲ. ಹಿಂದೆ ಸರಿಯಿರಿ.

• ನೀರಿನ ಹೊಂಡದ ದಡದಲ್ಲಿ ಟೆಂಟ್ ಹಾಕಬೇಡಿ, ಕುರ್ಚಿ ಹಾಕಿ ಕೂರಬೇಡಿ. ದೂರದಲ್ಲಿ, ಅಲುಗಾಡದೆ ಕಾಯಿರಿ. ತೀರಾ ಬಿಸಿಯ ದಿನ ಆ ಜಾಗವನ್ನೇ ಬಿಟ್ಟುಬಿಡಿ.

• ಬೆಳಗಿನ ಜಾವ ಮತ್ತು ಸಂಜೆ ಒಳ್ಳೆಯ ಹೊತ್ತು. ಮಧ್ಯಾಹ್ನ ದೂರದಿಂದ ತೆಗೆದ ಚಿತ್ರ ನೀರಿನೊಳಗಿನಂತೆ ಅಲೆಯಲೆಯಾಗಿ ಮಂಜಾಗಿ ಕಂಡರೆ ಅದು ಲೆನ್ಸಿನ ದೋಷವಲ್ಲ. ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಬಾಗಿಸುತ್ತದೆ. ಎಷ್ಟು ದುಬಾರಿ ಕ್ಯಾಮೆರಾ ಆದರೂ ಅದಕ್ಕೆ ಪರಿಹಾರವಿಲ್ಲ.

• ಫೋನನ್ನು ಬಿಸಿಲಿನಲ್ಲಿ ಬಿಡಬೇಡಿ. ಐಫೋನ್ ಬಳಕೆಗೆ ಆ್ಯಪಲ್ ಹೇಳುವ ಸುತ್ತಲಿನ ಉಷ್ಣತೆ 0ಯಿಂದ 35 ಡಿಗ್ರಿ. ನಿಂತ ಕಾರಿನೊಳಗೆ ಅದು ಬೇಗ ದಾಟುತ್ತದೆ.

• ಹಕ್ಕಿಯನ್ನು ಕರೆಯಲು ಮೊಬೈಲಿನಲ್ಲಿ ಅದರ ಕೂಗನ್ನು ಹಾಕಬೇಡಿ. ತನ್ನ ಜಾಗಕ್ಕೆ ಇನ್ನೊಂದು ಬಂದಿದೆ ಎಂದುಕೊಂಡು ಅದು ಗೂಡು ಬಿಟ್ಟು ಹುಡುಕಾಡುತ್ತದೆ. ತಿನ್ನಲೂ ಏನೂ ಹಾಕಬೇಡಿ.

• ರಸ್ತೆಯಲ್ಲಿ ಸತ್ತ ಕಾಂಗರೂವನ್ನು ವೆಡ್ಜ್-ಟೇಲ್ಡ್ ಈಗಲ್ ತಿನ್ನುತ್ತಿದ್ದರೆ ಬಹಳ ಮೊದಲೇ ವೇಗ ಇಳಿಸಿ. ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ಮೀರುವ ಈ ಹಕ್ಕಿಗೆ ನೆಲದಿಂದ ಏಳಲು ಸಮಯ ಬೇಕು. ಹೊಟ್ಟೆ ತುಂಬಿದ್ದರೆ ಇನ್ನೂ ನಿಧಾನ. ಎಷ್ಟೋ ಈಗಲ್‌ಗಳು ಕಾರಿಗೆ ಬಡಿದು ಸಾಯುತ್ತವೆ.

• ಮುಸ್ಸಂಜೆಯಿಂದ ಬೆಳಗಿನವರೆಗೆ ಕಾರು ಓಡಿಸದಿರುವುದು ಲೇಸು. ಕಾಂಗರೂಗಳು ರಸ್ತೆಗೆ ಬರುವುದು ಹೆಚ್ಚಾಗಿ ಆಗಲೇ. ಬಾಡಿಗೆ ಕಾರಿನ ಕರಾರಿನಲ್ಲೂ ಇದಕ್ಕೆ ನಿರ್ಬಂಧ ಇರಬಹುದು, ಓದಿ ನೋಡಿ.

• ಮೊಬೈಲ್ ಸಿಗ್ನಲ್ ನೂರಾರು ಕಿಲೋಮೀಟರ್ ಇರುವುದಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ನೀರು ಒಯ್ಯಿರಿ, ಎಲ್ಲಿಗೆ ಹೋಗಿ ಯಾವಾಗ ಬರುತ್ತೀರಿ ಎಂದು ಒಬ್ಬರಿಗೆ ಹೇಳಿ ಹೊರಡಿ. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯರಿಗಿಂತ ಕಾರು ಬೇಗ ಕಾಣುತ್ತದೆ.

• ಉಲುರು-ಕಾಟಾ ಜುಟಾ ರಾಷ್ಟ್ರೀಯ ಉದ್ಯಾನದಲ್ಲಿ ವ್ಯಾಪಾರಕ್ಕಾಗಿ ಚಿತ್ರ ತೆಗೆಯಲು ಅನುಮತಿ ಬೇಕು, ಡ್ರೋನ್ ಹಾರಿಸುವಂತಿಲ್ಲ. ಅನಂಗು ಮೂಲನಿವಾಸಿಗಳಿಗೆ ಪವಿತ್ರವಾದ ಕೆಲವು ಜಾಗಗಳ ಚಿತ್ರ ತೆಗೆಯಬಾರದೆಂದು ಫಲಕಗಳಿವೆ. ನಮ್ಮ ಎಷ್ಟೋ ದೇವಸ್ಥಾನಗಳಲ್ಲಿ ಗರ್ಭಗುಡಿಯ ಚಿತ್ರ ತೆಗೆಯಬೇಡಿ ಎಂದರೆ ನಾವು ಕೇಳುತ್ತೇವಲ್ಲ, ಹಾಗೆಯೇ. ಮೂಲನಿವಾಸಿಗಳ ಒಡೆತನದ ಭೂಮಿಗೆ ಹೋಗಲೂ ಮೊದಲೇ ಪರವಾನಗಿ ಪಡೆಯಬೇಕಾಗುತ್ತದೆ.

ಫಾರ್ವರ್ಡ್ ಒತ್ತುವ ಮುನ್ನ

ಇಂಥ ಚಿತ್ರ ಬಂದಾಗ ನಾವು ಮಾಡುವ ಪರೀಕ್ಷೆ ಇಷ್ಟೇ:

1. ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಅದು ಮೊದಲು ಎಲ್ಲಿ, ಯಾವಾಗ ಪ್ರಕಟವಾಯಿತು ನೋಡಿ. ಹತ್ತು ವರ್ಷ ಹಳೆಯ ಚಿತ್ರ "ನಿನ್ನೆ ನಡೆದದ್ದು" ಎಂದು ಬರುವುದು ಸಾಮಾನ್ಯ.

2. ಊರಿನ ಹೆಸರು ಇದೆಯೇ? "ಆಸ್ಟ್ರೇಲಿಯಾ" ಎಂದಷ್ಟೇ ಇದ್ದರೆ ಅನುಮಾನಿಸಿ.

3. ಪ್ರಾಣಿ ಕಾಡಿನದೋ ಸಾಕಿದ್ದೋ? ಬೇಲಿ, ಬಕೆಟ್, ಕತ್ತರಿಸಿದ ಹುಲ್ಲು, ಮೈಮೇಲೆ ಪಟ್ಟಿ, ಇವೆಲ್ಲ ಸುಳಿವು.

4. ಒಕ್ಕಣೆಯನ್ನು ಮುಚ್ಚಿ ಚಿತ್ರ ಮಾತ್ರ ನೋಡಿ. ಅದೇ ಕಥೆ ಈಗಲೂ ಕಾಣುತ್ತದೆಯೇ?

5. ಪ್ರಾಣಿ ಹೆದರಿದಂತೆ, ಓಡುತ್ತಿರುವಂತೆ, ಗೂಡಿನಿಂದ ಎದ್ದಂತೆ ಇದೆಯೇ? ಹಾಗಿದ್ದರೆ ಚಿತ್ರ ನಿಜವಾಗಿದ್ದರೂ ಹಂಚಬೇಡಿ.

ಕೊನೆಯದನ್ನು ನಾವು ಸ್ವಲ್ಪ ಒತ್ತಿ ಹೇಳುತ್ತೇವೆ. ಕಾಂಗರೂವನ್ನು ಬೆನ್ನಟ್ಟಿದ ವಿಡಿಯೋಗೆ ಹತ್ತು ಲಕ್ಷ ವೀಕ್ಷಣೆ ಸಿಕ್ಕರೆ ಮುಂದಿನ ವಾರ ಇನ್ನೊಬ್ಬರು ಬೆನ್ನಟ್ಟುತ್ತಾರೆ. ಆ ಹತ್ತು ಲಕ್ಷದಲ್ಲಿ ನಮ್ಮ ನಿಮ್ಮ ಬೆರಳೂ ಸೇರಿರುತ್ತದೆ. ದೂರದಲ್ಲಿ, ತಮ್ಮ ಪಾಡಿಗೆ ನೀರು ಕುಡಿಯುತ್ತಿರುವ ಹಸಿರು ಬಜ್ಜಿಗಳ ಚಿತ್ರ ಬಂದರೆ ಧಾರಾಳವಾಗಿ ಹಂಚಿ. ಪೇಟೆಯ ಪಂಜರದಲ್ಲಿ ಕಂಡ ಹಕ್ಕಿಯ ತವರು ಹೇಗಿದೆ ಎಂದು ಮಕ್ಕಳಿಗೂ ತೋರಿಸಿ.